ಅನೇಕಾಂತವೂ ನೆರೆಯವರ ನಂಬಿಕೆಯೂ

ಪರಮತ ಸಹಿಷ್ಣುತೆಯ ಪ್ರಸ್ತಾಪ ಬಂದಾಗಲೆಲ್ಲ ಜೈನ ಸಭೆಗಳಲ್ಲಿ ಅನೇಕಾಂತದ ಹೆಸರು ಕೇಳಿಬರುವುದು ವಾಡಿಕೆ. ಕುರುಡರು ಆನೆಯನ್ನು ಮುಟ್ಟಿನೋಡಿದ ದೃಷ್ಟಾಂತವನ್ನು ಹೇಳಿ, ಆದ್ದರಿಂದ ಸರ್ವಧರ್ಮಗಳೂ ಒಂದೇ ಎಂದು ಉಪನ್ಯಾಸಕರು ಮುಗಿಸುತ್ತಾರೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಆದರೆ ಅನೇಕಾಂತವು ಎಲ್ಲವೂ ಒಂದೇ ಎಂದು ಎಲ್ಲಿಯೂ ಹೇಳುವುದಿಲ್ಲ. ವಸ್ತುವು ಅನಂತಧರ್ಮಾತ್ಮಕವಾದುದು, ಒಂದೊಂದು ನಯವು ಅದರ ಒಂದೊಂದು ಅಂಶವನ್ನು ಗ್ರಹಿಸುತ್ತದೆ, ತಾನು ಕಂಡ ಅಂಶವೇ ಪೂರ್ಣವೆಂದು ಹಠಹಿಡಿದಾಗ ಅದು ದುರ್ನಯವಾಗುತ್ತದೆ. ಅದರ ನಿಲುವು ಇಷ್ಟೇ. ಸಮಂತಭದ್ರರೂ ಅಕಲಂಕರೂ ಪರವಾದಿಗಳ ಮತಗಳನ್ನು ಬಿಡದೆ ಪರೀಕ್ಷಿಸಿದವರು. ಎಲ್ಲವೂ ಒಂದೇ ಆಗಿದ್ದ ಪಕ್ಷದಲ್ಲಿ ಆ ಆಚಾರ್ಯರಿಗೆ ವಾದಿಸುವ ಕೆಲಸವೇ ಇರುತ್ತಿರಲಿಲ್ಲ.

ಹಾಗಾದರೆ ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ಒಪ್ಪದ ಜೈನನು, ಏಕೇಶ್ವರನಿಗೆ ಸಂಪೂರ್ಣ ಶರಣಾಗುವುದೇ ಧರ್ಮವೆಂದು ತಿಳಿದ ಮುಸಲ್ಮಾನನ ನಂಬಿಕೆಯನ್ನು ಗೌರವಿಸುವುದೆಂದರೆ ಏನು? ಒಪ್ಪುವುದಂತೂ ಅಲ್ಲ. ಒಪ್ಪಿದಂತೆ ನಟಿಸುವುದಾದರೆ ಅದು ಸತ್ಯವ್ರತಕ್ಕೇ ಕುಂದು. ಈ ಪ್ರಶ್ನೆ ಶಿವಮೊಗ್ಗದ ಬೀದಿಗಳಲ್ಲಿ ರಕ್ತ ಹರಿಸಿದ ಪ್ರಶ್ನೆಯಾದ್ದರಿಂದ ಇದನ್ನು ಕೇವಲ ಶಾಸ್ತ್ರಚರ್ಚೆ ಎನ್ನುವಂತಿಲ್ಲ.

2010ರ ಫೆಬ್ರವರಿ 28ರ ಭಾನುವಾರ, ‘ಕನ್ನಡಪ್ರಭ’ ದಿನಪತ್ರಿಕೆಯಲ್ಲಿ ತಸ್ಲೀಮಾ ನಸ್ರೀನ್ ಅವರ ಹೆಸರಿನಲ್ಲಿ ಬುರ್ಖಾ ಪದ್ಧತಿಯನ್ನು ಟೀಕಿಸುವ ಲೇಖನವೊಂದು ಪ್ರಕಟವಾಯಿತು. ಮರುದಿನ ಶಿವಮೊಗ್ಗದಲ್ಲಿಯೂ ಹಾಸನದಲ್ಲಿಯೂ ನಡೆದ ಪ್ರತಿಭಟನೆ ಹಿಂಸೆಗೆ ತಿರುಗಿತು. ಶಿವಮೊಗ್ಗದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಊರಿಗೆ ಕರ್ಫ್ಯೂ ಬಿತ್ತು. ತಾವು ಕರ್ನಾಟಕದ ಯಾವ ಪತ್ರಿಕೆಗೂ ಅಂತಹ ಲೇಖನವನ್ನು ಬರೆದುಕೊಟ್ಟಿಲ್ಲವೆಂದು ಲೇಖಕಿ ಬಳಿಕ ಸ್ಪಷ್ಟಪಡಿಸಿದರು. ಅಷ್ಟು ಹೊತ್ತಿಗೆ ಎರಡು ಮನೆಗಳಲ್ಲಿ ಸೂತಕ ಕಳೆದಿರಲಿಲ್ಲ. ಕಲ್ಲೆಸೆದವರು ತಮ್ಮ ಧರ್ಮದ ಮಾನವನ್ನು ಕಾಪಾಡಿದರೆಂದು ಯಾರೂ ಹೇಳಲಾರರು. ಭಯದಿಂದ ಬಾಯಿ ಮುಚ್ಚಿಸಿದರೆ ದೊರೆಯುವುದು ಮೌನ, ಗೌರವವಲ್ಲ.

ಆದರೆ ಟೀಕೆಯ ಬಗೆಗೂ ಒಂದು ಮಾತಿದೆ. ಭಾರತೀಯ ಶಾಸ್ತ್ರಪದ್ಧತಿಯಲ್ಲಿ ಖಂಡನೆಗೆ ಮುಂಚೆ ಪೂರ್ವಪಕ್ಷವಿರುತ್ತದೆ. ಎದುರಾಳಿಯ ಮತವನ್ನು ಆತನೇ ಕೇಳಿ, ಹೌದು, ನನ್ನ ಅಭಿಪ್ರಾಯ ಇದೇ ಎಂದು ತಲೆದೂಗುವಂತೆ ಮೊದಲು ನಿರೂಪಿಸಬೇಕು; ಆಮೇಲೆ ಉತ್ತರಪಕ್ಷ. ಬುರ್ಖಾ ಕುರಿತು ಮಾತನಾಡುವವರಲ್ಲಿ ಎಷ್ಟು ಮಂದಿ ಈ ಮೊದಲ ಕೆಲಸವನ್ನು ಮಾಡುತ್ತಾರೆ? ದೃಷ್ಟಿಯನ್ನು ತಗ್ಗಿಸಬೇಕೆಂಬ ವಿಧಿಯನ್ನು ಕುರಾನು ಮೊದಲು ಪುರುಷರಿಗೆ ಹೇಳಿ ಬಳಿಕ ಸ್ತ್ರೀಯರಿಗೆ ಹೇಳುತ್ತದೆ. ಮುಖವನ್ನು ಮುಚ್ಚಬೇಕೋ ಬೇಡವೋ ಎಂಬ ವಿಷಯದಲ್ಲಿ ಮುಸ್ಲಿಂ ವಿದ್ವಾಂಸರಲ್ಲಿಯೇ ಏಕಾಭಿಪ್ರಾಯವಿಲ್ಲ. ಇಷ್ಟನ್ನು ತಿಳಿದವನಿಗೆ, ಆ ಸ್ತ್ರೀಯ ಸ್ವಂತ ಇಚ್ಛೆ ಎಲ್ಲಿದೆ ಎಂದು ಕೇಳುವ ಅಧಿಕಾರ ಉಳಿದೇ ಇರುತ್ತದೆ. ತಿಳಿಯದೆ ಕೇಳುವವನ ಪ್ರಶ್ನೆ ಮಾತ್ರ ಹೀಯಾಳಿಕೆಯಾಗಿ ಕೇಳಿಸುತ್ತದೆ.

ಜೈನರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಅಂಬರವನ್ನೇ ತ್ಯಜಿಸಿದ ದಿಗಂಬರ ಮುನಿಗಳ ವಿಹಾರ ಊರಿನ ರಸ್ತೆಯಲ್ಲಿ ಸಾಗುವಾಗ ಅನ್ಯರು ಆಡುವ ಮಾತುಗಳನ್ನು ಕಿವಿಯಲ್ಲಿ ಹಾಕಿಕೊಂಡ ಶ್ರಾವಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. 2016ರಲ್ಲಿ ಮುನಿ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಅವರ ದಿಗಂಬರತ್ವವನ್ನು ಪರಿಹಾಸ ಮಾಡಿದವರ ಮೇಲೆ ಸಮಾಜವು ಎಷ್ಟು ನೊಂದಿತೆಂಬುದು ಸರ್ವವಿದಿತ. ಅದರ ಹಿಂದಿನ ವರ್ಷ, 2015ರ ಆಗಸ್ಟ್ 10ರಂದು, ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಹೊಂಬುಜದಂತಹ ಕ್ಷೇತ್ರವನ್ನೂ ನಿಷಿಧಿಗಲ್ಲುಗಳನ್ನೂ ತನ್ನೊಳಗೆ ಇಟ್ಟುಕೊಂಡ ಶಿವಮೊಗ್ಗ ಜಿಲ್ಲೆಗೆ ಆ ತೀರ್ಪು ದೂರದ ವಾರ್ತೆಯಾಗಿರಲಿಲ್ಲ. ಅಂದು ಜೈನರು ಲೋಕವನ್ನು ಕೇಳಿಕೊಂಡದ್ದು ಒಂದನ್ನೇ: ಈ ವ್ರತವನ್ನು ಹೊರಗಿನಿಂದ ಅಳೆಯಬೇಡಿರಿ, ವ್ರತಿಕನ ಭಾವದಿಂದ ನೋಡಿರಿ. ವಸ್ತ್ರತ್ಯಾಗಕ್ಕೆ ಬೇಡಿದ ಈ ನ್ಯಾಯವು ವಸ್ತ್ರಾವರಣಕ್ಕೆ ಸಲ್ಲದೆಂದು ವಾದಿಸಲು ಯಾವ ನಯವೂ ದೊರೆಯಲಾರದು.

ಭದ್ರಾವತಿಯ ಕಡೆ ನೋಡಿದರೆ ಬೇರೊಂದು ಬಗೆಯ ಪಾಠ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ತೊಡಗಿತು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರು ಒಂದೇ ಪಾಳಿಯಲ್ಲಿ ದುಡಿದು, ಅಕ್ಕಪಕ್ಕದ ಕ್ವಾರ್ಟರ್ಸುಗಳಲ್ಲಿ ಬಾಳಿದರು. ಯಾರೂ ಯಾರ ಸಿದ್ಧಾಂತವನ್ನೂ ಓದಿದವರಲ್ಲ. ಓದುವ ಅವಶ್ಯಕತೆಯನ್ನು ಕುಲುಮೆಯ ಕೆಲಸ ತಪ್ಪಿಸಿತ್ತು. ಈಗ ಕಾಗದದ ಯಂತ್ರಗಳು ನಿಂತು ವರ್ಷಗಳಾದವು, ಉಕ್ಕಿನ ಕಾರ್ಖಾನೆಯೂ ಹಿಂದಿನಂತಿಲ್ಲ. ದಿನನಿತ್ಯ ಭೇಟಿಯಾಗುವ ಸ್ಥಳ ಕುಗ್ಗಿದಾಗ, ನೆರೆಯವನ ಪರಿಚಯವು ಮೆರವಣಿಗೆಯ ದಿನ ಮಾತ್ರ ಆಗತೊಡಗುತ್ತದೆ. 2023ರ ಅಕ್ಟೋಬರ್ 1ರಂದು, ಈದ್ ಮಿಲಾದ್ ಮೆರವಣಿಗೆಯ ದಿನ, ಶಿವಮೊಗ್ಗದ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಜಾರಿಯಾಯಿತು.

ಇಂತಹ ಕಲಹಗಳಿಗೆ ನಾಡಿನ ಇತಿಹಾಸದಲ್ಲಿ ಒಂದು ಉತ್ತರ ಶಿಲೆಯ ಮೇಲೆಯೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ ಸಂಧಾನ ಮಾಡಿಸಿದ ವೃತ್ತಾಂತ ಶ್ರವಣಬೆಳಗೊಳದ ಶಾಸನದಲ್ಲಿದೆ. ಅರಸನು ಯಾವ ದರ್ಶನ ಸತ್ಯವೆಂದು ವಿಚಾರಿಸಲು ಹೋಗಲಿಲ್ಲ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಮುಂಚಿನಂತೆ ಸಲ್ಲಬೇಕೆಂದು ವಿಧಿಸಿದನು. ಬೆಳಗೊಳದ ದೇವರ ಅಂಗರಕ್ಷಣೆಗೆ ಜೈನರು ಮನೆಗೊಂದು ಹಣದಂತೆ ಕೊಡಬೇಕು, ಆ ಹಣದಿಂದ 20 ಕಾವಲುಗಾರರನ್ನು ನೇಮಿಸಿ ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದಾಯಿತು. ಆ ಹೊಣೆಯನ್ನು ಹೊತ್ತವರು ವೈಷ್ಣವರಾದ ತಿರುಮಲೆಯ ತಾತಯ್ಯನವರು. ಅಲ್ಪಸಂಖ್ಯಾತರ ಗುಡಿಯ ಸುಣ್ಣದ ಲೆಕ್ಕ ಬಹುಸಂಖ್ಯಾತರ ಗುರುವಿನ ಕೈಗೆ! ಮನಸ್ಸಿನ ಸದ್ಭಾವವನ್ನು ಹಣ ಮತ್ತು ಕಾವಲಿನ ರೂಪಕ್ಕೆ ಇಳಿಸಿದ್ದರಿಂದಲೇ ಆ ಸಂಧಾನವು ಇಂದಿಗೂ ನೆನೆಯುವಂತಹುದಾಗಿದೆ.

ಇನ್ನು ಕಠಿಣವಾದ ಪ್ರಶ್ನೆ ಉಳಿಯುತ್ತದೆ, ಬಕ್ರೀದಿನದು. ಅಹಿಂಸೆಯನ್ನು ಪರಮಧರ್ಮವೆಂದು ತಿಳಿದವನಿಗೆ ಪ್ರಾಣಿಬಲಿ ಹಿಂಸೆಯೇ. ಗೌರವದ ಹೆಸರಿನಲ್ಲಿ ಅದನ್ನು ಹಿಂಸೆಯಲ್ಲವೆನ್ನಲು ಬಾರದು. ಮುಸಲ್ಮಾನರ ಪೂರ್ವಪಕ್ಷವೂ ತಿಳಿದಿರಲಿ: ಬಲಿಯ ಮಾಂಸವಾಗಲಿ ರಕ್ತವಾಗಲಿ ದೇವರನ್ನು ಮುಟ್ಟುವುದಿಲ್ಲ, ಮುಟ್ಟುವುದು ಭಕ್ತನ ಭಯಭಕ್ತಿ ಎಂಬುದು ಕುರಾನಿನ ಅಭಿಪ್ರಾಯ, ಮಾಂಸದಲ್ಲಿ ಬಡವರಿಗೊಂದು ಪಾಲು ಸಲ್ಲುವುದು ರೂಢಿ, ಹಜ್ ಯಾತ್ರಿಕನು ಇಹ್ರಾಮ್ ಧರಿಸಿರುವವರೆಗೆ ಬೇಟೆಯಾಡುವಂತಿಲ್ಲ. ಇಷ್ಟರಿಂದ ಭಿನ್ನಾಭಿಪ್ರಾಯ ಅಳಿಯುವುದಿಲ್ಲ. ಆದರೆ ಪ್ರಾಣಹಾನಿಗಿಂತ ಮೊದಲು ರಾಗದ್ವೇಷಗಳ ಉದಯವೇ ಹಿಂಸೆಯೆಂದು ಅಮೃತಚಂದ್ರಸೂರಿಗಳು ನಿರೂಪಿಸಿರುವಾಗ, ಕುರಿಯ ಮೇಲಿನ ಕರುಣೆಯನ್ನು ಮನುಷ್ಯರ ಮೇಲಿನ ದ್ವೇಷಕ್ಕೆ ಸಾಧನ ಮಾಡಿಕೊಂಡವನು ಯಾವ ಅಣುವ್ರತವನ್ನು ಪಾಲಿಸಿದಂತಾಯಿತು? ಹೀರವಿಜಯಸೂರಿಗಳು 1583ರಲ್ಲಿ ಫತೇಪುರ ಸಿಕ್ರಿಯಲ್ಲಿ ಅಕ್ಬರನನ್ನು ಕಂಡು ಪರ್ಯೂಷಣದಲ್ಲಿ ಪ್ರಾಣಿವಧೆ ನಿಲ್ಲುವಂತೆ ಮಾಡಿದ್ದು ನಿಂದನೆಯಿಂದಲ್ಲ. 2008ರಲ್ಲಿ ಅಹಮದಾಬಾದಿನ ಕಸಾಯಿಖಾನೆಗಳನ್ನು ಪರ್ಯೂಷಣದ 9 ದಿನ ಮುಚ್ಚುವುದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ನ್ಯಾಯಪೀಠ ನೆನೆದದ್ದು ಆ ಅಕ್ಬರನನ್ನೇ.

ಇಲ್ಲಿ ಬಸದಿಗಳ ಟ್ರಸ್ಟುಗಳು ಆಲೋಚಿಸಬೇಕಾದ ಲೆಕ್ಕವೊಂದಿದೆ. ಮಹಾವೀರ ಜಯಂತಿಯಂದು ಬೆಂಗಳೂರು ಮೊದಲಾದ ನಗರಗಳಲ್ಲಿ ಮಾಂಸ ಮಾರಾಟಕ್ಕೆ ನಿಷೇಧವಿರುತ್ತದೆ. ಆ ದಿನದ ಗಳಿಕೆಯನ್ನು ಬಿಡುವವರು ಜೈನರಲ್ಲ. ತಮ್ಮದಲ್ಲದ ವ್ರತಕ್ಕಾಗಿ ಅಂಗಡಿಯ ಬಾಗಿಲೆಳೆದವರಿಗೆ ಅದು ಸರಕಾರದ ಆದೇಶವಾಗಿ ತಲುಪುತ್ತದೆಯೇ ಹೊರತು, ಬಸದಿಯ ಕಡೆಯಿಂದ ಒಂದು ಕೃತಜ್ಞತೆಯ ಮಾತಾಗಿ ತಲುಪುವುದು ಅಪರೂಪ. ಆ ಮಾತನ್ನು ಪತ್ರಮುಖೇನವಾಗಲಿ ಖುದ್ದಾಗಲಿ ತಿಳಿಸಲು ಟ್ರಸ್ಟುಗಳಿಗೆ ಯಾವ ಅಡ್ಡಿಯೂ ಇಲ್ಲ. ಬಕ್ರೀದಿನ ದಿನ ಮೊಬೈಲುಗಳಲ್ಲಿ ಹರಿದಾಡುವ ಹೀಯಾಳಿಕೆಯ ಚಿತ್ರಗಳನ್ನು ತಮ್ಮ ಯುವಕ ಮಂಡಳಿಗಳು ಮುಂದಕ್ಕೆ ಕಳುಹಿಸದಂತೆ ನೋಡಿಕೊಳ್ಳುವುದೂ ಅವುಗಳ ಕೈಯಲ್ಲಿಯೇ ಇದೆ.

ಇಸ್ಲಾಮೀ ಪಂಚಾಂಗದಲ್ಲಿ ಅಧಿಕಮಾಸವಿಲ್ಲದ್ದರಿಂದ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೀಗೆ ಸರಿಯುತ್ತ 2022 ಮತ್ತು 2023ರಲ್ಲಿ ಮಹಾವೀರ ಜಯಂತಿಯು ರಂಜಾನ್ ಮಾಸದೊಳಗೇ ಬಂದಿತ್ತು. ನಿಷೇಧವಿದ್ದ ಊರುಗಳಲ್ಲಿ ಆ ದಿನ ಉಪವಾಸವಿದ್ದವರಿಗೂ ಮಾಂಸದ ಅಂಗಡಿಗಳು ಮುಚ್ಚಿದ್ದವು. ಅವರು ಸೂರ್ಯಾಸ್ತವನ್ನು ಕಾದು ಊಟಕ್ಕೆ ಕುಳಿತ ವೇಳೆಗೆ, ರಾತ್ರಿಭೋಜನ ತ್ಯಜಿಸಿದ ಜೈನರ ಮನೆಗಳಲ್ಲಿ ಅದೇ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿದು, ಪಾತ್ರೆಗಳು ತೊಳೆದಾಗಿದ್ದವು.