ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಭಾಷೆಯಲ್ಲಿ 'ಲೆಕ್ಕ' ಎಂಬ ಪದಕ್ಕೆ ಎರಡು ಮುಖಗಳಿವೆ. ಒಬ್ಬ ಗಂಡಸನ್ನು 'ಲೆಕ್ಕದಲ್ಲಿ ಗಟ್ಟಿಗ' ಎಂದರೆ ಅದು ಹೊಗಳಿಕೆ. ಒಬ್ಬ ಹೆಂಗಸನ್ನು 'ಬಹಳ ಲೆಕ್ಕಾಚಾರದವಳು' ಎಂದರೆ ಅದು ಬೈಗುಳ. ಬಡಿಸುವಾಗ ದೋಸೆ ಎಣಿಸಬಾರದು, ಕೊಟ್ಟ ಉಡುಗೊರೆ ಎಣಿಸಬಾರದು, ಮಾಡಿದ ಚಾಕರಿ ಎಣಿಸಬಾರದು. ಹೀಗೆ ಎಣಿಸಬಾರದವುಗಳ ಉದ್ದನೆಯ ಪಟ್ಟಿಯನ್ನು ಕಲಿಯುತ್ತಲೇ ನಾವು ಹೆಣ್ಣುಮಕ್ಕಳು ದೊಡ್ಡವರಾಗುತ್ತೇವೆ. ಎಳೆಯ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ದೊಡ್ಡ ಮಕ್ಕಳು ಹೇಳುವ ಮಾತೊಂದಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡಬಹುದು, ಬೆವರಬಹುದು, ಬಿದ್ದು ಮೊಣಕಾಲು ತರಚಿಕೊಳ್ಳಬಹುದು. ಆದರೆ ಸೋಲು ಗೆಲುವಿನಲ್ಲಿ ಅವರ ಹೆಸರಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸಿನ ಸ್ಥಾನವೂ ಇದೇ ಅಲ್ಲವೇ?

ಹಾಗಾದರೆ ಲೆಕ್ಕ ಇಡುವುದು ಸಣ್ಣತನವೇ? ಲೆಕ್ಕ ಇಡದಿರುವುದು ಔದಾರ್ಯವೇ? ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಐವತ್ತು ದಾಟಿದ ಮೇಲೆ, ಕೂಡು ಕಳೆಯುವ ತರಗತಿಯೊಂದಕ್ಕೆ ಸೇರಿದಾಗ. ನಮ್ಮ ಮಹಿಳಾ ಮಂಡಳದ ಖಜಾಂಚಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಶೇಕಡಾ, ಬಡ್ಡಿ, ಭಿನ್ನರಾಶಿಗಳೆಲ್ಲ ಹಳೆಯ ನೆಂಟರಂತೆ ದೂರವಾಗಿದ್ದವು. ಮಂಗಳೂರಿನಲ್ಲಿ, ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಮುದಾಯ ಕಾಲೇಜೊಂದರವರು ದೊಡ್ಡವರಿಗಾಗಿ ಶನಿವಾರ ಮಧ್ಯಾಹ್ನ ಮೂಲಗಣಿತ ಹೇಳಿಕೊಡುತ್ತಾರೆಂದು ತಿಳಿದು ಹೆಸರು ಕೊಟ್ಟೆ. ಓದು ಅರ್ಧಕ್ಕೆ ನಿಂತವರಿಗೂ ದುಡಿಯುವವರಿಗೂ ಬಾಗಿಲು ತೆರೆದಿಡುವ ಈ ಬಗೆಯ ಕಾಲೇಜುಗಳು ನಮ್ಮ ದೇಶದಲ್ಲಿ ಹುಟ್ಟಿದ್ದು ತೀರಾ ಹಿಂದೆಯೇನಲ್ಲ; 1995ರಲ್ಲಿ ಪುದುಚೇರಿಯಲ್ಲಿ, ಮರುವರ್ಷ ಚೆನ್ನೈಯಲ್ಲಿ ಮೊದಲಿನವು ಆರಂಭವಾದವು.

ನಮ್ಮ ತರಗತಿಯಲ್ಲಿ ಹದಿನಾಲ್ಕು ಮಂದಿ ಹೆಂಗಸರು. ಬೀಡಿ ಕಟ್ಟುವವರು, ಮೀನು ಮಾರುವವರು, ಹೊಲಿಗೆಯವರು, ಮನೆಗೆಲಸದವರು, ನನ್ನಂಥ ಒಬ್ಬಿಬ್ಬರು. ಹೇಳಿಕೊಡುವ ಟೀಚರ್ ನನ್ನ ಮಗಳ ವಯಸ್ಸಿನವಳು. 'ಈ ಪ್ರಾಯದಲ್ಲಿ ಮಗ್ಗಿ ಕಲಿತು ಎಂತ ಮಾಡ್ಲಿಕ್ಕುಂಟು? ಹೊತ್ತು ಹೋಗ್ಲಿಕ್ಕಾ?' ಎಂದು ನೆರೆಯವರು ನಗುತ್ತಿದ್ದರು. ಹೆಣ್ಣಿಗೆ ಗಣಿತವೆಂದರೆ ಹೊತ್ತು ಕಳೆಯುವ ಸಾಧನ ಅಥವಾ ಸಮಾಧಾನದ ಬಹುಮಾನ ಎಂಬ ನಂಬಿಕೆ ಬಹಳ ಹಳೆಯದು. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿ ಗ್ರಂಥದ ಕತೆ ನಿಮಗೂ ಗೊತ್ತಿರಬಹುದು. ಮದುವೆಯ ಮುಹೂರ್ತ ತಪ್ಪಿಹೋದ ಮಗಳನ್ನು ಸಮಾಧಾನಪಡಿಸಲು ತಂದೆ ಅವಳ ಹೆಸರಿನಲ್ಲಿ ಗಣಿತದ ಪುಸ್ತಕ ಬರೆದರೆಂಬ ಕತೆ. ಈ ಕತೆ ಸಿಗುವುದು ಮೂಲದಲ್ಲಲ್ಲ, 1587ರಲ್ಲಿ ಫೈಜಿ ಮಾಡಿದ ಪರ್ಶಿಯನ್ ಅನುವಾದದಲ್ಲಿ. ಮೂಲಗ್ರಂಥದ ಹೆಣ್ಣು ಲೆಕ್ಕ ಬಿಡಿಸೆಂದು ಕೇಳಿಸಿಕೊಳ್ಳುವ ಜಾಣೆ. ಕತೆ ಕಟ್ಟಿದವರಿಗೆ ಮಾತ್ರ ಅವಳು ಮದುವೆ ಇಲ್ಲದ ದುಃಖಿಯಾಗಿ ಕಂಡಳು!

ದೊಡ್ಡವರಾದ ಮೇಲೆ ಲೆಕ್ಕ ಕಲಿಯುವುದು ನಾಚಿಕೆಯ ವಿಷಯವೂ ಅಲ್ಲ, ಹೊಸ ವಿಷಯವೂ ಅಲ್ಲ. 1957ರ ಏಪ್ರಿಲ್ 1ರಂದು ಇಡೀ ದೇಶವೇ ಮತ್ತೆ ಒಂದನೇ ಕ್ಲಾಸಿಗೆ ಸೇರಿತ್ತು. ಹದಿನಾರು ಆಣೆಯ ರೂಪಾಯಿ ಅಂದಿನಿಂದ ನೂರು ನಯಾಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಯನ್ನು ಯಾರು ಕೊಡಬೇಕು, ಯಾರು ಬಿಡಬೇಕು? ಬಳಿಕ ಸೇರು ಹೋಗಿ ಕಿಲೋ ಬಂತು, ಗಜ ಹೋಗಿ ಮೀಟರು ಬಂತು. ಓದು ಬರದ ನಮ್ಮ ಅಜ್ಜಿಯಂದಿರು ಇದನ್ನೆಲ್ಲ ಸಂತೆಯಲ್ಲಿ, ಅಂಗಡಿಯ ಜಗಲಿಯಲ್ಲಿ ನಿಂತೇ ಕಲಿತರು. ಅವರ ವಯಸ್ಸನ್ನು ಆಗ ಯಾರೂ ಕೇಳಲಿಲ್ಲ.

ನಮ್ಮ ತರಗತಿಯ ಮೀನು ಮಾರುವ ಅಕ್ಕನನ್ನೇ ನೋಡಿ. ಬೆಳಗಿನ ಜಾವ ಬಂದರಿನ ದಕ್ಕೆಯಲ್ಲಿ ಏಲಂ ಕೂಗುವಾಗ ಅವರ ತಲೆ ಯಂತ್ರಕ್ಕಿಂತ ಚುರುಕು. 140 ಬಂಗುಡೆಯ ಬುಟ್ಟಿ 1,750 ರೂಪಾಯಿಗೆ ಬಿದ್ದರೆ ನೂರಕ್ಕೆ 1,250, ಒಂದಕ್ಕೆ ಹನ್ನೆರಡೂವರೆ ಎಂದು ಬುಟ್ಟಿ ಎತ್ತುವುದರೊಳಗೆ ಹೇಳುತ್ತಾರೆ. ಅದನ್ನೇ ಟೀಚರ್ ಬೋರ್ಡಿನ ಮೇಲೆ ಭಾಗಾಕಾರವಾಗಿ ಬರೆದಾಗ ಅವರ ಕೈಯ ಸೀಮೆಸುಣ್ಣ ನಿಂತುಬಿಟ್ಟಿತು. 'ಇದು ಮೀನಿನ ಲೆಕ್ಕ ಅಂತ ಮೊದಲೇ ಹೇಳ್ಬಾರ್ದಾ ಟೀಚರೇ?' ಎಂದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆದರೆ ಅದು ನಕ್ಕು ಬಿಡುವ ಮಾತಲ್ಲ. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿಬದಿ ವ್ಯಾಪಾರ ಮಾಡುವ ಐವರು ಮಕ್ಕಳ ಮೇಲೆ ಮೂವರು ಸಂಶೋಧಕರು ನಡೆಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಗಿರಾಕಿಗಳಂತೆ ಕೇಳಿದಾಗ ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟರು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37ರಷ್ಟು ಮಾತ್ರ. ದಡ್ಡತನ ಮಕ್ಕಳದೂ ಅಲ್ಲ, ನಮ್ಮ ಅಕ್ಕನದೂ ಅಲ್ಲ. ಬಾಯಿಲೆಕ್ಕ ಮತ್ತು ಕಾಗದದ ಲೆಕ್ಕ ಎರಡು ಬೇರೆ ಬೇರೆ ಭಾಷೆಗಳು.

ತೊಡಕೇನೆಂದರೆ, ನ್ಯಾಯ ತೀರ್ಮಾನವಾಗುವುದು ಕಾಗದದ ಭಾಷೆಯಲ್ಲಿ. ಬೀಡಿಯ ಬ್ರಾಂಚಿನಲ್ಲಿ ತೂಗಿ ಕೊಟ್ಟ ಎಲೆಯೆಷ್ಟು, ಹಿಂದೆ ಬಂದ ಬೀಡಿಯೆಷ್ಟು, ಚೆನ್ನಾಗಿಲ್ಲವೆಂದು ತೆಗೆದಿಟ್ಟದ್ದೆಷ್ಟು ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಇಪ್ಪತ್ತೈದರ ಕಟ್ಟು ನಲವತ್ತಾದರೆ ಸಾವಿರ ಎಂದು ಬೆರಳಿಗೆ ಗೊತ್ತು. ಪುಸ್ತಕದ ಸಾಲಿನಲ್ಲಿ ಏನಿದೆಯೆಂದು ಕಣ್ಣಿಗೆ ಗೊತ್ತಿಲ್ಲದಿದ್ದರೆ ಬೆರಳಿನ ಸಾಕ್ಷಿಗೆ ಬೆಲೆಯಿಲ್ಲ. 1988ರ ಮೇ 5ರಂದು ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್, ಸಾಕ್ಷರತೆಯ ಅರ್ಥದೊಳಗೆ ಓದು ಬರಹದ ಜೊತೆ ಕೂಡು, ಕಳೆ, ಗುಣಿಸು, ಭಾಗಿಸುಗಳನ್ನೂ ಅಳತೆ, ತೂಕ, ಬಡ್ಡಿಯ ತಿಳುವಳಿಕೆಯನ್ನೂ ಸೇರಿಸಿತ್ತು. ಮುಂದೆ ನಮ್ಮ ಜಿಲ್ಲೆಯಲ್ಲೂ ಸಾಕ್ಷರತಾ ಆಂದೋಲನ ನಡೆದಾಗ ನಮ್ಮ ಕಣ್ಣಿಗೆ ಎದ್ದು ಕಂಡದ್ದು ಸಹಿ ಹಾಕಲು ಕಲಿತ ಹೆಂಗಸರು. ಆದರೆ ಸಹಿ ಹಾಕಬಲ್ಲವಳು ಯಾವ ಮೊತ್ತದ ಕೆಳಗೆ ಸಹಿ ಹಾಕುತ್ತಿದ್ದೇನೆಂದು ತಿಳಿಯದಿದ್ದರೆ, ಹೆಬ್ಬೆಟ್ಟಿಗಿಂತ ಆ ಸಹಿಯೇ ಹೆಚ್ಚು ಅಪಾಯಕಾರಿ.

ನಮ್ಮ ಕರಾವಳಿಯಂತೂ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಇವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಬಾಗಿಲಲ್ಲಿ ನಿಂತು ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದುಕೊಟ್ಟ ಕೈಗಳಲ್ಲಿ ಹೆಂಗಸರ ಕೈಗಳೂ ಬಹಳ ಇದ್ದವು. ಇನ್ನು ಇಲ್ಲಿಯ ಹಲವು ಸಮುದಾಯಗಳಲ್ಲಿ ನಡೆದು ಬಂದದ್ದು ಅಳಿಯಸಂತಾನ ಪದ್ಧತಿ. ಮನೆತನ ಬೆಳೆಯುವುದು ಹೆಣ್ಣಿನಿಂದ, ಆಸ್ತಿ ಇಳಿಯುವುದು ಹೆಣ್ಣಿನ ಸಂತಾನಕ್ಕೆ. ಹೆಂಗಸು ಯಜಮಾನಿಯಾಗಲು ಅಡ್ಡಿಯಿರಲಿಲ್ಲ. ಆದರೂ ಬಹಳಷ್ಟು ಮನೆಗಳಲ್ಲಿ ಗೇಣಿಯ ಲೆಕ್ಕ, ಪತ್ರದ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಮಾವಂದಿರ ಸೊಂಟದಲ್ಲಿ. ಪಾಲು ಕೇಳುವ ಹಕ್ಕನ್ನು 1949ರ ಅಳಿಯಸಂತಾನ ಕಾಯಿದೆ ಕೊಟ್ಟಿತು. ಆದರೆ ಪಾಲು ಎಷ್ಟೆಂದು ಕಟ್ಟಿ ನೋಡುವ ಶಕ್ತಿಯನ್ನು ಯಾವ ಕಾಯಿದೆಯೂ ಕೊಡಲಾರದು, ಅದನ್ನು ಕಲಿತೇ ಪಡೆಯಬೇಕು.

ಒಂದು ಶನಿವಾರ ಟೀಚರ್ ಬಡ್ಡಿಯ ಪಾಠ ಮಾಡಿದರು. 12,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತು. ಪೂರ್ತಿ ಸಾಲದ ಮೇಲೆ ವರ್ಷವಿಡೀ ಬಡ್ಡಿ ಹಾಕಿದರೆ 1,440 ರೂಪಾಯಿ. ಆದರೆ ಮೊದಲ ಕಂತು ಕಟ್ಟಿದ ಮೇಲೆ ನಮ್ಮಲ್ಲಿ ಉಳಿಯುವುದು 11,000, ಆಮೇಲೆ 10,000. ಕೊನೆಯ ತಿಂಗಳಲ್ಲಿ ಬರಿಯ ಒಂದು ಸಾವಿರ. ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುತ್ತ ಬಂದರೆ ಮೊದಲ ತಿಂಗಳು 120, ಆಮೇಲೆ 110, ಕೊನೆಗೆ 10. ಒಟ್ಟು 780. ಬಾಯಲ್ಲಿ ಹೇಳುವಾಗ ಎರಡೂ 'ಶೇಕಡಾ 12' ಎಂದೇ! ತರಗತಿ ಒಮ್ಮೆಲೇ ಮೌನವಾಯಿತು. ಪ್ರತಿಯೊಬ್ಬಳೂ ತನ್ನ ಯಾವುದೋ ಹಳೆಯ ಸಾಲವನ್ನು ಮನಸ್ಸಿನಲ್ಲೇ ಕಟ್ಟಿ ನೋಡುತ್ತಿದ್ದಳು. ಮೊಬೈಲಿನಲ್ಲೇ ಲೆಕ್ಕದ ಯಂತ್ರ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಅಂದು ಉತ್ತರ ಸಿಕ್ಕಿತು. ಯಂತ್ರ ಉತ್ತರ ಕೊಡುತ್ತದೆ. ವರ್ಷವಿಡೀ 12,000 ನಿನ್ನ ಕೈಯಲ್ಲಿತ್ತೇ ಎಂದು ಅದಾಗಿ ಕೇಳುವುದಿಲ್ಲ. ಆ ಪ್ರಶ್ನೆ ನಮ್ಮೊಳಗೆ ಹುಟ್ಟಬೇಕು.

ಆ ತರಗತಿಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದಿದೆ. ನಾವು ಬೆಳೆದದ್ದು 'ದೊಡ್ಡವರು ಹೇಳಿದ್ದಾರೆ, ಆದ್ದರಿಂದ ಸರಿ' ಎಂಬ ಮಾತಿನ ನೆರಳಿನಲ್ಲಿ. ಏಳೆಂಟ್ಲಿ ಐವತ್ತಾರು ಎಂಬುದು ಟೀಚರ್ ಹೇಳಿದ್ದರಿಂದ ಸರಿಯಲ್ಲ, ಗಂಡ ಒಪ್ಪಿದ್ದರಿಂದಲೂ ಅಲ್ಲ. ಏಳು ಸಾಲಿನಲ್ಲಿ ಎಂಟೆಂಟು ಹುಣಿಸೆಬೀಜ ಇಟ್ಟು ಯಾರೂ ಎಣಿಸಿ ನೋಡಬಹುದು. ಒಮ್ಮೆ ಟೀಚರ್ ಬೋರ್ಡಿನಲ್ಲಿ ಕೂಡುವಾಗ ಹತ್ತು ತಪ್ಪಿದಾಗ ಮನೆಗೆಲಸದ ಹೆಂಗಸೊಬ್ಬಳು ಮೆಲ್ಲನೆ ಕೈ ಎತ್ತಿದಳು. ಟೀಚರ್ ನೋಡಿದರು, ಅಳಿಸಿದರು, ಸರಿಪಡಿಸಿದರು, ಅಷ್ಟೆ. ಯಾರಿಗೂ ಅವಮಾನವಾಗಲಿಲ್ಲ. ಹೇಳಿದವರು ಯಾರು ಎನ್ನುವುದಕ್ಕಿಂತ ಹೇಳಿದ್ದು ಏನು ಎನ್ನುವುದು ಮುಖ್ಯವಾಗುವ ಜಾಗ ನಮ್ಮ ಬದುಕಿನಲ್ಲಿ ಎಷ್ಟಿವೆ? ಆ ಹೆಂಗಸು ಮುಂದಿನ ವಾರದಿಂದ ಮುಂದಿನ ಬೆಂಚಿನಲ್ಲಿ ಕೂರತೊಡಗಿದಳು.

ಆದರೂ ಮೊದಲಿನ ಪ್ರಶ್ನೆ ಹಾಗೇ ಉಳಿಯಿತು. ಲೆಕ್ಕ ಕಲಿತ ಹೆಂಗಸು ಮನೆಯನ್ನೂ ಅಂಗಡಿಯಾಗಿ ಮಾಡಿಬಿಟ್ಟರೆ? ಈ ಭಯವನ್ನು ಸುಮ್ಮನೆ ತಳ್ಳಿಹಾಕಲಾಗದು. ಜ್ವರದ ಮಗುವಿನ ಬಳಿ ಎಷ್ಟು ರಾತ್ರಿ ಕುಳಿತೆವೆಂದು ಬರೆದಿಡುವ ಮನೆಯಲ್ಲಿ ಬಾಳುವುದು ಕಷ್ಟ. ತಾಯಿಯ ಋಣ ಎನ್ನುತ್ತೇವೆ. ಅದಕ್ಕೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ.

ನಮ್ಮೊಂದಿಗೆ ಕಲಿಯುತ್ತಿದ್ದ ಬೀಡಿ ಕಟ್ಟುವ ಹೆಂಗಸೊಬ್ಬಳು ಇದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಹುಡುಕಿಕೊಂಡಳು. ಮದುವೆಯಾಗದೆ ತವರಿನಲ್ಲೇ ಉಳಿದವಳು ಅವಳು. ವಾರಕ್ಕೆ ಐವತ್ತು ರೂಪಾಯಿಯಂತೆ ಹನ್ನೆರಡು ವರ್ಷ 'ಇಟ್ಟುಕೊಂಡಿರು' ಎಂದು ಅಣ್ಣನ ಕೈಗೆ ಕೊಟ್ಟಿದ್ದಳು. ಗುಣಾಕಾರ ಕಲಿತ ಮೇಲೆ ಅವಳು ಮಾಡಿದ ಮೊದಲ ಸ್ವಂತ ಲೆಕ್ಕ ಅದು. 50ನ್ನು 52ರಿಂದ ಗುಣಿಸಿದರೆ 2,600, ಅದನ್ನು 12ರಿಂದ ಗುಣಿಸಿದರೆ 31,200. ಪುಸ್ತಕ ಹಿಡಿದು ಅಣ್ಣನೆದುರು ಓದಿದಳಂತೆ. 'ಅಣ್ಣ ತಂಗಿಯ ನಡುವೆ ಎಂತದ್ದು ಲೆಕ್ಕ?' ಎಂದನಂತೆ ಅವನು. 'ಲೆಕ್ಕ ಇರಲಿ ಅಣ್ಣ. ಬಿಡುವುದಿದ್ದರೆ ನಾನೇ ಬಿಡ್ತೇನೆ' ಎಂದಳಂತೆ ಇವಳು. ದೀಪಾವಳಿಯ ಹೊತ್ತಿಗೆ ಅಣ್ಣ ಹತ್ತು ಸಾವಿರ ಕೊಟ್ಟ. ಉಳಿದ 21,200 ಅಮ್ಮನ ಮದ್ದಿಗೆ ಹೋಗಿದೆಯೆಂದು ಇವಳು ಒಪ್ಪಿಕೊಂಡಳು. ಒಪ್ಪಿಕೊಂಡದ್ದನ್ನೂ ಬರೆದಿಟ್ಟಳು. ಆ ಪುಟವನ್ನು ನನಗೆ ತೋರಿಸಿದಳು. ಅಂಕಿಯ ಪಕ್ಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಒಂದೇ ಪದವಿತ್ತು: 'ಬಿಟ್ಟದ್ದು'.

ಅವಳು ಪೂರ್ತಿ ಕೇಳಬೇಕಿತ್ತೆಂದು ಮೀನಿನ ಅಕ್ಕ ವಾದಿಸಿದರು. ಇರಬಹುದು, ಅದು ಅವಳ ತೀರ್ಮಾನ. ಆದರೆ ಹನ್ನೆರಡು ವರ್ಷ ಅವಳು ಕೊಡುತ್ತ ಬಂದದ್ದಕ್ಕೂ ಈಗ ಬಿಟ್ಟದ್ದಕ್ಕೂ ನೆಲ ಮುಗಿಲಿನ ವ್ಯತ್ಯಾಸವಿದೆ. ಮೊದಲಿನದ್ದು ಎಷ್ಟೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ದಾನ ಮಾಡಲಾರರು. ಅದು ಕೈಯಿಂದ ಸೋರಿಹೋಗುತ್ತದೆ, ಅಷ್ಟೆ. ಲೆಕ್ಕ ಬಾರದವಳ ಔದಾರ್ಯವನ್ನು ಲೋಕ ಹೊಗಳುತ್ತದೆ, ಯಾಕೆಂದರೆ ಅದರಿಂದ ಲೋಕಕ್ಕೆ ಲಾಭವಿದೆ. 'ನಮ್ಮಲ್ಲಿ ಲೆಕ್ಕ ಯಾಕೆ?' ಎಂದು ಕೇಳುವವರು ಸಾಮಾನ್ಯವಾಗಿ ಲೆಕ್ಕದ ಪುಸ್ತಕ ಯಾರ ಬಳಿ ಇದೆಯೋ ಅವರೇ ಎಂಬುದನ್ನು ನೀವೂ ಗಮನಿಸಿರಬಹುದು.

ಲೆಕ್ಕ ಬಲ್ಲವಳಿಗೂ ಒಂದು ಹೊಣೆಯಿದೆ. ಎರಡು ಬಡ್ಡಿಗಳ ವ್ಯತ್ಯಾಸ ತಿಳಿದ ನಾನು ನಾಳೆ ಮಂಡಳದ ಹಣವನ್ನು ತಿಳಿಯದ ಹೆಂಗಸಿಗೆ ಸಾಲ ಕೊಡುವಾಗ ಆ 660 ರೂಪಾಯಿಯ ಅಂತರವನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾನು ಕಲಿತದ್ದು ಗಣಿತವಲ್ಲ, ಇನ್ನೊಬ್ಬಳ ಕತ್ತಲನ್ನು ಬಳಸಿಕೊಳ್ಳುವ ಜಾಣತನ. ತಿಳಿಯುವುದು, ತಿಳಿದದ್ದನ್ನು ಹೇಳುವುದು, ಆಮೇಲೆ ಬೇಕೆನಿಸಿದರೆ ಬಿಡುವುದು: ಈ ಮೂರೂ ಇದೇ ಕ್ರಮದಲ್ಲಿ ಬರಬೇಕು.

ನಮ್ಮ ಹೆಣ್ಣುಮಕ್ಕಳಿಗೆ ಧಾರಾಳವಾಗಿ ಕೊಡುವುದನ್ನು ಕಲಿಸೋಣ, ಬೇಡವೆಂದವರು ಯಾರು? ಆದರೆ ಅದಕ್ಕೆ ಮೊದಲು ಎಣಿಸುವುದನ್ನು ಕಲಿಸೋಣ. ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಪಾಸ್‌ಬುಕ್ ಇದ್ದರೆ, ಒಂದು ಸಂಜೆ ಪಕ್ಕದಲ್ಲಿ ಕೂತು ಅವರೇ ಒಂದೊಂದು ಸಾಲನ್ನು ಓದಿ ಕೂಡುವವರೆಗೆ ಕಾಯೋಣ. ಬೇಗ ಮುಗಿಯಲೆಂದು ಪೆನ್ನನ್ನು ಅವರ ಕೈಯಿಂದ ಕಸಿದುಕೊಳ್ಳದಿದ್ದರೆ ಸಾಕು.