ಸಕ್ಕರೆ ತಿಂದವರದ್ದಷ್ಟೇ ತಪ್ಪಾ?

ಒಳ್ಳೆಯ ಡಿಸೈನ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದರೆ ನಾನು ಸಕ್ಕರೆ ಕ್ಯೂಬಿನ ಉದಾಹರಣೆ ಕೊಡ್ತೀನಿ. 19ನೇ ಶತಮಾನದ ಯುರೋಪಿನ ಮನೆಗಳಿಗೆ ಸಕ್ಕರೆ ಶಂಕುವಿನ ಆಕಾರದ ದೊಡ್ಡ ಗಟ್ಟಿಯಾಗಿ ಬರುತ್ತಿತ್ತು. ಕಲ್ಲಿನಷ್ಟು ಗಟ್ಟಿ. ಅದನ್ನು ಇಕ್ಕಳದಲ್ಲಿ ಒಡೆದು, ಚೂರು ಮಾಡಿ ಚಹಾಕ್ಕೆ ಹಾಕಿಕೊಳ್ಳಬೇಕು. ಮೊರಾವಿಯಾದ, ಅಂದರೆ ಇವತ್ತಿನ ಜೆಕ್ ದೇಶದ, ದಾಚಿತ್ಸೆ ಎಂಬ ಊರಿನಲ್ಲಿ ಯಾಕುಬ್ ಕ್ರಿಸ್ಟೋಫ್ ರಾಡ್ ಅನ್ನೋನು ಸಕ್ಕರೆ ಕಾರ್ಖಾನೆ ನಡೆಸುತ್ತಿದ್ದ. 1841ರಲ್ಲಿ ಅವನ ಹೆಂಡತಿ ಹೀಗೆ ಸಕ್ಕರೆ ಒಡೆಯುವಾಗ ಬೆರಳು ಕೊಯ್ದುಕೊಂಡಳು ಅಂತ ಕಥೆ. ಅಳತೆಗೆ ಸರಿಯಾಗಿ ಸಣ್ಣ ಸಣ್ಣ ಚೂರು ಮಾಡಿ ಕೊಡೋಕಾಗಲ್ವಾ ಅಂತ ಆಕೆ ಕೇಳಿದ್ದಕ್ಕೆ ಅವನು ಕ್ಯೂಬ್ ಒತ್ತುವ ಯಂತ್ರ ಕಂಡುಹಿಡಿದ. 1843ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಬೆರಳು ಉಳಿಯಿತು. ಜೊತೆಗೆ ಇನ್ನೊಂದು ಆಯಿತು: ಸಕ್ಕರೆಯನ್ನು ಎಣಿಸೋಕೆ ಬಂತು. ಒಂದಾ, ಎರಡಾ ಅಂತ ಕೇಳಬಹುದು. ಎರಡು ಹಾಕಿಕೊಂಡವನಿಗೆ ತಾನು ಎರಡು ಹಾಕಿಕೊಂಡೆ ಅನ್ನೋದು ಗೊತ್ತಿರುತ್ತದೆ.

ಇದರ ಪಕ್ಕಕ್ಕೆ ಇನ್ನೊಂದು ಪ್ರಸಿದ್ಧ ಡಿಸೈನ್ ಇಡೋಣ. 1915ರಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾಗೆ ಹೊಸ ಬಾಟಲಿ ಬೇಕಾಗಿತ್ತು. ಗಾಜಿನ ಕಂಪನಿಗಳಿಗೆ ಹಾಕಿದ ಷರತ್ತು ಏನಂದರೆ, ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗಬೇಕು, ಒಡೆದು ನೆಲದ ಮೇಲೆ ಬಿದ್ದಿದ್ದರೂ ಗುರುತು ಸಿಗಬೇಕು. ಇಂಡಿಯಾನಾದ ರೂಟ್ ಗ್ಲಾಸ್ ಕಂಪನಿ ಆ ಸೊಂಟ ಇರುವ ಬಾಟಲಿ ಮಾಡಿಕೊಟ್ಟಿತು. ನೂರು ವರ್ಷ ದಾಟಿದರೂ ಅದೇ ಆಕಾರ ನಮ್ಮ ಕಣ್ಣಲ್ಲಿದೆ. ಅದರಲ್ಲಿ ಹಿಡಿಯುತ್ತಿದ್ದದ್ದು ಆರೂವರೆ ಔನ್ಸ್, ಅಂದರೆ ಸುಮಾರು 190 ಮಿಲಿ. ನಮ್ಮ ಕಡೆ ಜಾತ್ರೆಯಲ್ಲಿ ಕುಡಿಯುತ್ತಿದ್ದ ಗಾಜಿನ ಬಾಟಲಿಗಳೂ ಹೆಚ್ಚುಕಮ್ಮಿ ಅಷ್ಟೇ ಇದ್ದವು. ಅಂಗಡಿ ಮುಂದೆ ನಿಂತು ಕುಡಿದು, ಖಾಲಿ ಬಾಟಲಿ ವಾಪಸ್ ಕೊಟ್ಟು ಬರಬೇಕಿತ್ತು. ಬಾಟಲಿ ಕೊಟ್ಟ ಮೇಲೆ ಮುಗೀತು. ಈಗಿನ ಪ್ಲಾಸ್ಟಿಕ್ ಬಾಟಲಿ ಎರಡು ಲೀಟರ್ ತನಕ ಬೆಳೆದಿದೆ, ಅದಕ್ಕೆ ತಿರುಪಿನ ಮುಚ್ಚಳ ಇದೆ, ಫ್ರಿಜ್ಜಿನ ಬಾಗಿಲಲ್ಲಿ ಅದಕ್ಕೆಂದೇ ಜಾಗ ಇದೆ. ಅದು ಯಾವಾಗ ಮುಗಿಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗೋದಿಲ್ಲ.

ಇಲ್ಲಿಂದ ನನ್ನ ಪ್ರಶ್ನೆ ಶುರು. ಯಾರಾದರೂ ಅತಿಯಾಗಿ ಸಿಹಿ ತಿಂದು ಆರೋಗ್ಯ ಕೆಡಿಸಿಕೊಂಡರೆ ನಾವು ಅವರಿಗೆ "ನಾಲಿಗೆ ಮೇಲೆ ಹಿಡಿತ ಇಲ್ಲ" ಅಂತೀವಿ. ಆ ನಾಲಿಗೆಯ ಮುಂದೆ ವಸ್ತುವನ್ನು ಇಟ್ಟ ಕೈಯ ಬಗ್ಗೆ ಏನು ಹೇಳ್ತೀವಿ?

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇಷ್ಟು: ದಿನದ ಒಟ್ಟು ಶಕ್ತಿಯಲ್ಲಿ ಹೊರಗಿನಿಂದ ಸೇರಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು. 2000 ಕ್ಯಾಲರಿ ಊಟ ಮಾಡುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಚಮಚದಲ್ಲಿ ಹೇಳಬೇಕಂದ್ರೆ ಹನ್ನೆರಡು ಮತ್ತು ಆರು. ಬೆಲ್ಲ, ಜೇನು, ಹಣ್ಣಿನ ಜ್ಯೂಸ್ ಕೂಡ ಈ ಲೆಕ್ಕದೊಳಗೇ ಬರ್ತವೆ. 330 ಮಿಲಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟನ್ನೇ ಒಂದು ಲೋಟ ನೀರಿಗೆ ಚಮಚದಿಂದ ಹಾಕು ಅಂದರೆ ಐದನೇ ಚಮಚಕ್ಕೇ ನಮ್ಮ ಕೈ ನಿಲ್ಲುತ್ತದೆ. ಬಾಟಲಿಯಲ್ಲಿ ಆ ಕೈಗೆ ಕೆಲಸವೇ ಇಲ್ಲ. ಕುಡಿಯುವ ಸಕ್ಕರೆ ಹೊಟ್ಟೆ ತುಂಬಿದ ಭಾವವನ್ನೂ ಅಷ್ಟಾಗಿ ಕೊಡೋದಿಲ್ಲ. ಹಾಗಾಗಿ ಊಟವೂ ಕಮ್ಮಿ ಆಗಲ್ಲ.

ಸಕ್ಕರೆ ತಿಂದಿದ್ದಕ್ಕೇ ಸಕ್ಕರೆ ಕಾಯಿಲೆ ಬಂತು ಅನ್ನೋದು ಅಷ್ಟು ಸರಳ ಅಲ್ಲ. ಮನೆತನ, ತೂಕ, ನಡಿಗೆ, ವಯಸ್ಸು ಎಲ್ಲ ಸೇರಿರುತ್ತದೆ. ಆದರೆ ಸಿಹಿ ಪಾನೀಯ ದಿನಾ ಕುಡಿಯುವವರಲ್ಲಿ ತೂಕ, ಟೈಪ್ 2 ಮಧುಮೇಹ, ಹಲ್ಲಿನ ಹುಳುಕು ಹೆಚ್ಚು ಅನ್ನೋದು ಮತ್ತೆ ಮತ್ತೆ ಕಂಡಿದೆ. ಐಸಿಎಂಆರ್ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಅಂತ ಅಂದಾಜು ಮಾಡಿತು. ಇಷ್ಟೂ ಮಂದಿಗೆ ಒಮ್ಮೆಲೇ ನಾಲಿಗೆಯ ಹಿಡಿತ ತಪ್ಪಿತು ಅಂತ ನಂಬೋದು ನನಗೆ ಕಷ್ಟ.

ಕಮಲಾಪುರದ ಹತ್ತಿರದ ನಮ್ಮೂರಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಶುಗರ್ ಅದ ಅಂತ ಗೊತ್ತಾದ ದಿನದಿಂದ ಚಹಾಕ್ಕೆ ಒಂದು ಕಾಳು ಸಕ್ಕರೆ ಹಾಕಿಕೊಂಡಿಲ್ಲ. ಹೋಳಿಗೆ ಮಾಡಿ ಮಂದಿಗೆಲ್ಲ ಬಡಿಸಿ, ತಾನು ರೊಟ್ಟಿ ತಿಂದು ಎದ್ದವಳು. ಆದರೂ ತಪಾಸಣೆ ಮಾಡಿಸಿದಾಗಲೆಲ್ಲ ಅಂಕಿ ಏರೇ ಇರುತ್ತಿತ್ತು. ಮನೆಯವರೆಲ್ಲ ಕದ್ದು ತಿಂತಾಳೆ ಅಂತಲೇ ಮಾತಾಡಿಕೊಂಡರು. ಒಂದು ಸಲ ಊರಿಗೆ ಹೋದಾಗ ನೋಡ್ತೀನಿ, ಮುಂಜಾನೆ ಸಂಜೆ ಹಾಲಿಗೆ ಒಂದು ಪುಡಿ ಕಲಸಿ ಕುಡಿಯುತ್ತಿದ್ದಾಳೆ.

"ಇದೇನವ್ವ?" ಅಂದೆ.

"ಶಕ್ತಿ ಪುಡಿ ನೋಡಪಾ. ಡಬ್ಬಿ ಮ್ಯಾಲ ಹುಡುಗ ಹ್ಯಾಂಗ ಓಡ್ಲಿಕತ್ತಾನ. ಸಕ್ರಿ ಬಿಟ್ಟೀನಲ್ಲ, ಕೈಕಾಲಾಗ ಬಲ ಇರ್ಲಿ ಅಂತ."

ಡಬ್ಬಿ ಹಿಂದೆ ತಿರುಗಿಸಿದೆ. ನೂರು ಗ್ರಾಂ ಪುಡಿಯಲ್ಲಿ ಮೂವತ್ತು ಗ್ರಾಂಗೂ ಮೇಲೆ ಸಕ್ಕರೆ. ಅಕ್ಷರ ಸಾಸಿವೆ ಕಾಳಿನಷ್ಟು, ಅದೂ ಇಂಗ್ಲಿಷಲ್ಲಿ. ನಾಲ್ಕನೇ ಇಯತ್ತೆ ತನಕ ಕನ್ನಡ ಓದಿದ ದೊಡ್ಡವ್ವ ಡಬ್ಬಿಯ ಮುಂಭಾಗವನ್ನು ಸರಿಯಾಗಿಯೇ ಓದಿದ್ದಳು. ಓಡುವ ಹುಡುಗನ ಚಿತ್ರ ಅವಳಿಗೆ ಹೇಳಿದ್ದನ್ನು ನಂಬಿದ್ದಳು. ಅವಳ ಮನೋಬಲದಲ್ಲಿ ಕೊರತೆ ಇರಲಿಲ್ಲ. ಸಕ್ಕರೆ ಎಲ್ಲಿ ಕಾಣುತ್ತಿತ್ತೋ ಅಲ್ಲೆಲ್ಲ ಅದನ್ನು ಬಿಟ್ಟಿದ್ದಳು.

ಹಾಗಂತ ಸಿಹಿಯನ್ನು ಚೆಂದ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಉತ್ತರ ಕರ್ನಾಟಕದ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನಪು ಮಾಡಿಕೊಳ್ಳಿ. ಮರದ ಅಚ್ಚಿಗೆ ಬಿಸಿ ಪಾಕ ಹೊಯ್ದು ತೆಗೆದ ನವಿಲು, ಆನೆ, ಗೋಪುರ. ಹೊಸ ಬಟ್ಟೆ ಹಾಕಿಕೊಂಡ ಹುಡುಗಿಯರು ತಾಟಿನಲ್ಲಿ ಅದನ್ನಿಟ್ಟು ಗೌರಿಗೆ ಬೆಳಗೋಕೆ ಹೋಗ್ತಾರೆ. ಅದು ಪೂರ್ತಿ ಸಕ್ಕರೆ, ನಾರಿಲ್ಲ, ಜೀವಸತ್ವ ಇಲ್ಲ. ಆದರೆ ಅದು ತಾನು ಸಕ್ಕರೆ ಅಂತ ಹೆಸರಲ್ಲೇ ಹೇಳುತ್ತದೆ. ಮತ್ತು ವರ್ಷಕ್ಕೊಂದು ಸಲ ಬಂದು ಹೋಗುತ್ತದೆ. ಮರುದಿನ ಅಚ್ಚು ಅಟ್ಟ ಸೇರುತ್ತದೆ.

ಕಮಲಾಪುರದ ಕೆಂಪು ಬಾಳೆಯನ್ನೂ ನೋಡಿ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಆ ಬಣ್ಣಕ್ಕಿಂತ ಚೆಂದದ ಪ್ಯಾಕೆಟ್ ಯಾವ ಡಿಸೈನರೂ ಮಾಡಿಲ್ಲ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ, ಜೊತೆಗೆ 3 ಗ್ರಾಂ ನಾರು. ಇಡೀ ಹಣ್ಣಿನ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಆ ಮಿತಿಯ ಲೆಕ್ಕಕ್ಕೆ ಹಿಡಿದಿಲ್ಲ. ಶುಗರ್ ಇದ್ದವರು ಅದನ್ನೂ ಅಳತೆಯಲ್ಲೇ ತಿನ್ನಬೇಕು, ನಿಜ. ಆದರೆ ಸಿಪ್ಪೆ ಸುಲಿಯಬೇಕು, ಅಗಿಯಬೇಕು, ಎರಡನೇದಕ್ಕೆ ಹೊಟ್ಟೆ ತಾನೇ ಸಾಕು ಅನ್ನುತ್ತದೆ.

ಹಾಗಾಗಿ ನಾನು ಗೆರೆ ಎಳೆಯೋದು ಇಲ್ಲಿ. ಡಿಸೈನ್ ಎರಡು ಕೆಲಸ ಮಾಡಬಲ್ಲದು: ಕರೆಯೋದು, ಮರೆಸೋದು. ಕರೆಯೋದರಲ್ಲಿ ತಪ್ಪಿಲ್ಲ. ಸಕ್ಕರೆಯ ನವಿಲೂ ಕರೆಯುತ್ತದೆ, ಕೆಂಪು ಬಾಳೆಯೂ ಕರೆಯುತ್ತದೆ. ಎಷ್ಟು ತಿಂದೆ, ಏನು ತಿಂದೆ, ಎಲ್ಲಿ ನಿಲ್ಲಬೇಕು ಅನ್ನೋದನ್ನ ಮರೆಸೋದಕ್ಕೆ ಅಂತಲೇ ಕೂತು ಮಾಡಿದ ಡಿಸೈನ್ ಬೇರೆ. ಅಲ್ಲಿ ತಿಂದವನ ಆಯ್ಕೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಆಮೇಲೆ ಹೊಣೆಯನ್ನು ಮಾತ್ರ ಅವನಿಗೇ ಬಿಡಲಾಗುತ್ತದೆ.

ಇದಕ್ಕೆ ಎದುರು ಮಾತುಗಳಿವೆ, ಹಗುರಾಗಿ ತಳ್ಳಿಹಾಕುವಂಥವಲ್ಲ. ಕಲಬುರಗಿಯ ರೋಜಾದಲ್ಲಿ, ಖ್ವಾಜಾ ಬಂದೇ ನವಾಜರ ದರ್ಗಾದ ಆಸುಪಾಸಿನ ಗಲ್ಲಿಯೊಂದರಲ್ಲಿ, ನನ್ನ ಬಿಇ ಗೆಳೆಯನ ಅಪ್ಪನ ಕಿರಾಣಿ ಅಂಗಡಿ ಇದೆ. ಮುಂದೆ ಐದು ರೂಪಾಯಿ, ಹತ್ತು ರೂಪಾಯಿಯ ಪ್ಯಾಕೆಟ್ಟುಗಳು ತೋರಣದ ಹಾಗೆ ತೂಗುತ್ತವೆ. ಶೇಂಗಾ, ಪುಟಾಣಿ ಒಳಗೆ ಡಬ್ಬಿಯಲ್ಲಿ. ಯಾಕೆ ಚಾಚಾ ಅಂತ ಕೇಳಿದ್ದಕ್ಕೆ ಅವರು ನಕ್ಕು ಹೇಳಿದರು: "ಒಳಗಿಟ್ಟಿದ್ದು ಕೇಳಿದವ್ರಿಗೆ ಬೇಟಾ, ಹೊರಗ ತೂಗಹಾಕಿದ್ದು ಕಂಡವ್ರಿಗೆ." ಆಮೇಲೆ ಇನ್ನೊಂದು ಮಾತು ಸೇರಿಸಿದರು: "ದಿನಗೂಲಿ ಮಾಡವ ಸಂಜೀಕ ಮನಿಗೆ ಹೋಗೂಮುಂದ ಮಗೂಗ ಐದ್ ರೂಪಾಯಿ ಖುಷಿ ಒಯ್ತಾನ. ಅದನ್ನೂ ಬ್ಯಾಡ ಅಂತೀಯೇನು?"

ಬೇಡ ಅನ್ನೋ ಹಕ್ಕು ತಿಂಗಳ ಸಂಬಳ ಎಣಿಸುವ ನನಗಿಲ್ಲ. ಆದರೆ ಚಾಚಾ ಹೇಳಿದ್ದರಲ್ಲೇ ಉತ್ತರವೂ ಇದೆ. ಆ ಅಪ್ಪ ಕೊಂಡದ್ದು ಖುಷಿ. ಅದರೊಳಗೆ ಏನಿದೆ ಅಂತ ಅವನಿಗೆ ಕಾಣುವಂತೆ ಹೇಳಿದರೆ ಖುಷಿಯೇನೂ ಕಡಿಮೆ ಆಗಲ್ಲ. ಬಡವನಿಗೆ ಆಯ್ಕೆ ಕಡಿಮೆ ಅನ್ನೋದೇ ಅವನಿಗೆ ನಿಜ ಹೇಳೋದಕ್ಕೆ ದೊಡ್ಡ ಕಾರಣ.

ಇನ್ನೊಂದು ವಾದ ನಮ್ಮ ಆಫೀಸುಗಳಲ್ಲಿ ಕೇಳೋದು: ವಯಸ್ಸಿಗೆ ಬಂದವರು ತಾವೇ ಜವಾಬ್ದಾರಿ ತಗೋಬೇಕು, ಹಿಂದೆ ಬರೆದಿರುತ್ತಲ್ಲ, ಓದಲಿ. ಜವಾಬ್ದಾರಿ ಅನ್ನೋದು ಒಂದೇ ರೊಟ್ಟಿ ಅಲ್ಲ, ಒಬ್ಬರಿಗೆ ಹಾಕಿದರೆ ಇನ್ನೊಬ್ಬರ ತಾಟು ಖಾಲಿ ಉಳಿಯೋಕೆ. ತಿನ್ನುವವನಿಗೂ ಪೂರ್ತಿ ಇರಬಹುದು, ಮಾಡಿದವನಿಗೂ ಪೂರ್ತಿ ಇರಬಹುದು. ಚಿಲಿ ದೇಶ 2016ರಲ್ಲಿ ಇದನ್ನೇ ಕಾನೂನು ಮಾಡಿತು. ಸಕ್ಕರೆ ಮಿತಿ ಮೀರಿದರೆ ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಗುರುತು. ಅಂಥ ಪ್ಯಾಕೆಟ್ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಹಾಕುವಂತಿಲ್ಲ. ತಿನ್ನಬೇಡಿ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಓದು ಬಾರದ ಮಗುವಿಗೂ ಆ ಕಪ್ಪು ಗುರುತು ಕಾಣುತ್ತದೆ. ನಮ್ಮಲ್ಲಿ 2022ರಲ್ಲಿ ಎಫ್‌ಎಸ್‌ಎಸ್‌ಎಐ ನಕ್ಷತ್ರಗಳ ಕರಡು ತಂದಿತು. ಅದರಲ್ಲಿ ಸಕ್ಕರೆಗೆ ಕಳೆದ ಅಂಕವನ್ನು ನಾರು, ಪ್ರೋಟೀನಿಗೆ ಸಿಗುವ ಅಂಕ ಸರಿದೂಗಿಸಬಹುದು. ಕಪ್ಪು ಗುರುತು ಒಂದು ಸಂಗತಿ ಹೇಳುತ್ತದೆ, ನಕ್ಷತ್ರ ಸರಾಸರಿ ಹೇಳುತ್ತದೆ. ಎರಡೂ ಡಿಸೈನೇ, ಆದರೆ ನಮ್ಮ ದೊಡ್ಡವ್ವನಂಥವರಿಗೆ ಯಾವುದು ಬೇಕು ಅನ್ನೋದು ಸ್ಪಷ್ಟ.

ಇಷ್ಟೆಲ್ಲ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಯಾಕೆ ಬರೀತಿದ್ದಾನೆ ಅಂತ ನೀವು ಕೇಳಬಹುದು. ನಾವು ಮಾಡೋದೂ ಡಬ್ಬಿಗಳನ್ನೇ ಅಲ್ಲೇನು? ಕೊನೆಯೇ ಇಲ್ಲದ ಸ್ಕ್ರೋಲ್, ಬೂದು ಬಣ್ಣದಲ್ಲಿ ಅಡಗಿದ "ಬೇಡ" ಬಟನ್, ಚಂದಾ ನಿಲ್ಲಿಸೋಕೆ ಏಳು ಪರದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ 13 ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿ ನಿಷೇಧಿಸಿದ ಮಾರ್ಗಸೂಚಿ ಹೊರಡಿಸಿತು. ಬಟನ್ ಮರೆಸಿದರೆ ತಪ್ಪು ಅಂತ ಒಪ್ಪಿಕೊಂಡಿದ್ದೇವೆ. ಸಕ್ಕರೆ ಮರೆಸೋದಕ್ಕೆ ಇನ್ನೊಂದು ನ್ಯಾಯ ಯಾಕೆ?

ಈ ಪುಸ್ತಕ ಓದುತ್ತಿರುವವರಲ್ಲಿ ಪ್ಯಾಕೆಟ್ ಡಿಸೈನ್ ಮಾಡುವವರು ಇರಬಹುದು, ಆ್ಯಪ್ ಮಾಡುವವರಂತೂ ಇದ್ದೇ ಇರ್ತೀರಿ. ನಾಳೆ ರಿವ್ಯೂ ಮೀಟಿಂಗಲ್ಲಿ ಎದುರಿನ ಪರದೆ ಮೇಲೆ ಏನೇ ಇರಲಿ, ಒಂದೇ ಪ್ರಶ್ನೆ ಕೇಳಿ ನೋಡ್ರಿ: ಇದನ್ನು ಬಳಸುವವರಿಗೆ ತಾವು ಎಷ್ಟು ತಗೊಂಡೆವು ಅನ್ನೋದು ಗೊತ್ತಾಗುತ್ತದಾ? ಉತ್ತರ ಇಲ್ಲ ಅಂತಾದರೆ, ಅದು ಹಾಗೆ ಇರಲಿ ಅಂತ ಬಯಸಿದವರು ಯಾರು ಅನ್ನೋದು ಎರಡನೇ ಪ್ರಶ್ನೆ.