ನೆಲೆಯ ಹಕ್ಕು

ಮನುಷ್ಯನು ಯಾವ ಗಳಿಗೆಯಿಂದ ಒಂದು ನೆಲದವನಾಗುತ್ತಾನೆ? ಅಲ್ಲಿ ಹುಟ್ಟಿದ ಗಳಿಗೆಯಿಂದಲೋ, ದುಡಿಯತೊಡಗಿದ ಗಳಿಗೆಯಿಂದಲೋ, ಅಥವಾ ಅಧಿಕಾರಿಯೊಬ್ಬನು ಪತ್ರಕ್ಕೆ ಮುದ್ರೆಯೊತ್ತಿದ ಗಳಿಗೆಯಿಂದಲೋ? ಇದು ಕೇವಲ ತಾರ್ಕಿಕರ ಜಿಜ್ಞಾಸೆಯಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸದ್ಗೃಹಸ್ಥರಲ್ಲಿಯೂ ಮಗನೋ ಮಗಳೋ ಅಮೆರಿಕೆಯಲ್ಲಿ, ಕೆನಡಾದಲ್ಲಿ ಉದ್ಯೋಗದಲ್ಲಿರುವುದು ಇಂದು ಅಪರೂಪವಲ್ಲ. ಹಬ್ಬಹುಣ್ಣಿಮೆಗೆ ಬಂಧುಗಳು ಕೂಡಿದಾಗ ಅಂಥ ಮನೆಯವರನ್ನು ಕೇಳುವ ಮಾತು ಒಂದೇ: "ಗ್ರೀನ್ ಕಾರ್ಡ್ ಬಂತೇನು?"

ಆ ಕಾರ್ಡು ಬರುವ ಬಗೆಯನ್ನು ಅರಿತರೆ ಪ್ರಶ್ನೆಯ ಮರ್ಮವು ತಿಳಿಯುತ್ತದೆ. ಉದ್ಯೋಗಕ್ಕೆಂದು ಹೋದವನಿಗೆ ಮೊದಲು ದೊರೆಯುವುದು ಸಾಮಾನ್ಯವಾಗಿ ಎಚ್-ಒನ್-ಬಿ ಎಂಬ ತಾತ್ಕಾಲಿಕ ಅನುಮತಿ. ಅದರ ಅವಧಿ ಮೂರು ವರ್ಷ, ವಿಸ್ತರಿಸಿದರೆ ಆರು ವರ್ಷ. ಸ್ಥಿರವಾಸವು ಬೇಕೆಂದರೆ, ಆ ಕೆಲಸಕ್ಕೆ ಅರ್ಹನಾದ ಸ್ಥಳೀಯನು ದೊರೆಯಲಿಲ್ಲವೆಂದು ಕೆಲಸ ಕೊಟ್ಟ ಸಂಸ್ಥೆಯು ಸಾಮಾನ್ಯವಾಗಿ ಅಲ್ಲಿಯ ಕಾರ್ಮಿಕ ಇಲಾಖೆಗೆ ಮನಗಾಣಿಸಬೇಕು. ಬಳಿಕ ಅವನ ಪರವಾಗಿ ಅರ್ಜಿ ಸಲ್ಲಿಸಬೇಕು. ಸರದಿ ಬಂದ ಮೇಲೆ ಅವನು ತಾನೇ ನೆಲೆಯನ್ನು ಬೇಡಬೇಕು. ಮೊದಲನೆಯ ಕಾಗದ ಸಲ್ಲಿಸಿದ ದಿನವೇ ಅವನ ಸರದಿಯ ದಿನಾಂಕ. ಉದ್ಯೋಗದ ಮೂಲಕ ವರ್ಷಕ್ಕೆ ಕೊಡುವ ಸ್ಥಿರವಾಸಗಳು, ಹೆಂಡಿರು ಮಕ್ಕಳೂ ಸೇರಿ, ಸುಮಾರು ೧,೪೦,೦೦೦. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಅದರಲ್ಲಿ ಸಾಮಾನ್ಯವಾಗಿ ಶೇಕಡಾ ೭ನ್ನು ಮೀರಕೂಡದು. ದೇಶವು ಹಿರಿದಿರಲಿ, ಕಿರಿದಿರಲಿ, ಮಿತಿಯೊಂದೇ. ಆದುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತಾರು ವರ್ಷಗಳಷ್ಟು ಉದ್ದವಾಗಿದೆ. ಆ ನಡುವೆ ಇಲ್ಲಿಂದ ಎತ್ತಿಕೊಂಡು ಹೋದ ಕೂಸಿಗೆ ೨೧ ವರ್ಷ ತುಂಬಿತೆಂದರೆ, ಕಾನೂನು ಕೊಡುವ ಸ್ವಲ್ಪ ವಿನಾಯಿತಿಯೂ ಮುಗಿದ ಬಳಿಕ, ಅದು ತಂದೆತಾಯಿಗಳ ಸಾಲಿನಿಂದ ಹೊರಬೀಳುತ್ತದೆ.

ಇಲ್ಲಿ ಒಂದು ಸಂಗತಿ ವಿಚಾರಾರ್ಹವಾದುದು. ಅರ್ಹತೆಯನ್ನು ನೋಡುವುದು ವಿದ್ಯೆ, ಕೆಲಸಗಳಿಂದ. ಸಾಲನ್ನು ನಿರ್ಧರಿಸುವುದು ಮಾತ್ರ ಜನ್ಮದಿಂದ. ಹೊಸಪೇಟೆಯಲ್ಲಿ ಹುಟ್ಟಿದವನು ಕೆನಡಾದ ಪೌರತ್ವ ಪಡೆದಿದ್ದರೂ ಅಮೆರಿಕೆಯಲ್ಲಿ ಭಾರತದ ಸಾಲಿನಲ್ಲಿಯೇ ನಿಲ್ಲಬೇಕಾಗುವುದು. ಜನಾಂಗವನ್ನು ನೋಡಿ ಬಾಗಿಲು ತೆರೆಯುತ್ತಿದ್ದ ಹಳೆಯ ಪದ್ಧತಿಯನ್ನು ಆ ದೇಶವು ೧೯೬೫ರಲ್ಲಿ ಕೈಬಿಟ್ಟಿತು. ಹುಟ್ಟಿನ ಅಳತೆಯಂತೂ ಬೇರೊಂದು ಬಾಗಿಲಿನಿಂದ ಒಳಬಂದು ಕುಳಿತಿದೆ. ಕೆನಡಾದವರು ವಯಸ್ಸು, ವಿದ್ಯೆ, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ಆರಿಸುತ್ತಾರೆ. ಇದು ಹೆಚ್ಚು ನ್ಯಾಯವೆನ್ನಿಸಬಹುದು. ಆದರೆ ವಯಸ್ಸು ಏರಿದಂತೆ ಅಂಕವಿಳಿಯುವ ಈ ತಕ್ಕಡಿಯಲ್ಲಿ ಮನುಷ್ಯನಿಗಿಂತ ಅವನ ಉಪಯೋಗವೇ ತೂಗಲ್ಪಡುತ್ತದೆ. ಇಷ್ಟಾಗಿಯೂ ಸಿಕ್ಕ ಸ್ಥಿರವಾಸವು ಸ್ಥಿರವಲ್ಲ: ಐದು ವರ್ಷಗಳಲ್ಲಿ ೭೩೦ ದಿನ ಅಲ್ಲಿರಬೇಕು, ಇಲ್ಲವಾದರೆ ಅದು ಕೈತಪ್ಪಬಹುದು.

ಮನೆಗೆ ಬಾಗಿಲಿರುವುದು ತಪ್ಪಲ್ಲ, ರಾಜ್ಯಕ್ಕೂ ಅಷ್ಟೇ. ಯಾರನ್ನು ಒಳಗೆ ಕರೆಯಬೇಕೆಂಬುದನ್ನು ಮನೆಯವರು ಯೋಚಿಸಬಹುದು. ಆದರೆ ಕರೆದು, ಇಪ್ಪತ್ತು ವರ್ಷ ದುಡಿಸಿಕೊಂಡು, ತೆರಿಗೆ ಪಡೆದು, ಆಮೇಲೂ "ನೀನು ಅತಿಥಿ" ಎನ್ನುವುದು ಬಾಗಿಲಿನ ಹಕ್ಕಲ್ಲ. ಕಾಯಕವನ್ನು ಸ್ವೀಕರಿಸಿದವನು ಕಾಯಕ ಮಾಡಿದವನಿಗೆ ಋಣಿಯಾಗುತ್ತಾನೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಅವರ ನೆಲೆಗೆ ಆಧಾರವಾದುದು ಕಾಶ್ಮೀರದ ಅರಸೊತ್ತಿಗೆಯಲ್ಲ, ತಲೆಯ ಮೇಲಿನ ಕಟ್ಟಿಗೆಯ ಹೊರೆ.

ಇದೇ ಅಳತೆಯನ್ನು ತುಂಗಭದ್ರೆಯ ದಂಡೆಯಲ್ಲಿ ಹಿಡಿದು ನೋಡಬೇಕು. ೧೯೪೫ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಹಿನ್ನೀರಿನಲ್ಲಿ ಊರು ಮುಳುಗಿದವರು ಬೇರೆಡೆ ನೆಲೆ ಹುಡುಕಿದರು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದುದು ಹೀಗೆ. (ಅದೇ ೧೯೫೩ರ ಅಕ್ಟೋಬರ್ ೧ರಂದು ಈ ತಾಲ್ಲೂಕುಗಳ ಜನರೆಲ್ಲ ಹೊಸ್ತಿಲು ದಾಟದೆಯೇ ಮದ್ರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದರೆಂಬುದನ್ನೂ ಮರೆಯಲಾಗದು.) ಕಾಲುವೆ ಹರಿದಲ್ಲಿಗೆ ಕರಾವಳಿ ಆಂಧ್ರದಿಂದ ರೈತರು ಬಂದು, ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಸುತ್ತ ಮಳೆಯಾಶ್ರಯದ ಹೊಲಗಳನ್ನು ಕೊಂಡು, ಸಮ ಮಾಡಿ, ಭತ್ತ ಬೆಳೆದರು. ಅವರ ಊರುಗಳಿಗೆ 'ಕ್ಯಾಂಪ್' ಎಂದು ಹೆಸರಾಯಿತು. ಸಂವಿಧಾನದ ೧೯ನೆಯ ವಿಧಿಯಂತೆ ದೇಶದೊಳಗೆ ಎಲ್ಲಿಯಾದರೂ ನೆಲೆಸುವ ಹಕ್ಕು ಅವರಿಗಿತ್ತು. ಯಾವ ಕಾರ್ಡೂ ಬೇಕಾಗಿರಲಿಲ್ಲ.

ನೀರಿನ ಬೆಲೆ ತಿಳಿಯುವ ಮುನ್ನ ಅಗ್ಗಕ್ಕೆ ಭೂಮಿ ಮಾರಿದ ಸ್ಥಳೀಯರಲ್ಲಿ ಕೆಲವರು ತಮ್ಮದಾಗಿದ್ದ ಹೊಲದಲ್ಲಿಯೇ ಕೂಲಿಗೆ ನಿಂತರು. ಆ ನೋವು ಸುಳ್ಳಲ್ಲ, ಅದನ್ನು ಅಲ್ಲಗಳೆದು ಸೌಹಾರ್ದವನ್ನು ಬೋಧಿಸುವುದು ಸರಿಯೂ ಅಲ್ಲ. ಬಂದವನಿಗೂ ಧರ್ಮವುಂಟು: ನೆಲದ ಭಾಷೆಯನ್ನು ಕಲಿಯುವುದು, ಕೂಲಿಯವನಿಗೆ ಸಲ್ಲತಕ್ಕುದನ್ನು ಸಲ್ಲಿಸುವುದು, ಫಲದಲ್ಲಿ ಒಂದು ಪಾಲನ್ನು ಊರಿಗೆ ದಾಸೋಹವಾಗಿ ಅರ್ಪಿಸುವುದು. ಆದರೆ ಭೂಮಿ ಕೊಂಡವನ ಮೊಮ್ಮಗನು ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತವನಲ್ಲವೇ? ಅವನ ಹೆಸರಿನ ಹಿಂದೆ ಇನ್ನೂ 'ಕ್ಯಾಂಪಿನವನು' ಎಂಬ ಮಾತು ಅಂಟಿಕೊಂಡಿದೆ. ಸಿಂಧನೂರಿನ ಪುನರ್ವಸತಿ ಶಿಬಿರಗಳ ಬಂಗಾಳಿಗಳದು ಇನ್ನೂ ಕಷ್ಟದ ಪಾಡು. ಸರ್ಕಾರವೇ ತಂದು ನೆಲೆಗೊಳಿಸಿದ ಅವರಲ್ಲಿ ಅನೇಕರು ದಶಕಗಳ ಕಾಲ ಪೌರತ್ವದ ಪತ್ರವಿಲ್ಲದೆ ಹೊಲ ಉತ್ತರು.

ಅಮೆರಿಕೆಯಲ್ಲಿರುವ ಮಗನ ಸರದಿಯ ದಿನಾಂಕವು ಈ ತಿಂಗಳ ಪ್ರಕಟಣೆಯಲ್ಲಿ ಎಷ್ಟು ಮುಂದೆ ಸರಿಯಿತೆಂದು ಕಾತರದಿಂದ ವಿಚಾರಿಸುವ ತಂದೆಯು, ಹನ್ನೆರಡು ವರ್ಷ ದುಡಿದರೂ ಅವನನ್ನು ಪರಕೀಯನೆನ್ನುವುದು ಅನ್ಯಾಯವೆಂದು ನೊಂದುಕೊಳ್ಳುತ್ತಾನೆ. ಆ ನೋವು ಯುಕ್ತವಾದುದೇ. ಅದೇ ತಂದೆಯು ಸಂಜೆ ಕಂಪ್ಲಿಯ ಅಂಗಡಿಗೆ ಹೋಗಿ, ಮೂರು ತಲೆಮಾರಿನಿಂದ ಅಕ್ಕಿ ಕೊಡುತ್ತಿರುವವನ ಮುಂದೆ ನಿಂತು, "ನೀವು ಯಾವ ಕಡೆಯವರು?" ಎಂದು ಕೇಳುತ್ತಾನೆ.